ಇನ್ನೂರು ವರ್ಷ ಹಳೆಯ ನೈಟಿ

ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಹೆಂಗಸರು ಹಗಲಿಗೆ ಏನು ಉಡುತ್ತಿದ್ದರು, ಸಂಜೆಗೆ ಏನು ಉಡುತ್ತಿದ್ದರು ಎಂಬುದನ್ನು ರಿಯಾದಿನ ಮಲಾಜ್ ಬಡಾವಣೆಯಲ್ಲಿ ಕೂತು ನಾನು ಯಾಕೆ ತಲೆಗೆ ಹಚ್ಚಿಕೊಳ್ಳಬೇಕಾಯಿತು ಎಂದು ಕೇಳಿದರೆ ಉತ್ತರ ಇಷ್ಟೇ: ನಮ್ಮ ಮನೆಯಲ್ಲಿ ಒಂದು ಹೊಲಿಗೆ ಮೆಶಿನ್ ಇದೆ. ಮೆಶಿನ್ ಇರುವ ಹೆಂಗಸಿಗೆ ಬೇರೆ ಕೆಲಸವೇ ಇಲ್ಲ ಎಂದು ಈ ಊರಿನ ನಮ್ಮವರೆಲ್ಲ ಸೇರಿ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಾರೆ. ಸೀರೆಗೆ ಫಾಲ್ಸ್ ಹಾಕಿಕೊಡು, ಬ್ಲೌಸ್ ಸ್ವಲ್ಪ ಸಡಿಲ ಮಾಡಿಕೊಡು, ಪರದೆಗೆ ಅಂಚು ಹೊಡೆದುಕೊಡು. ಕೊಡು ಕೊಡು ಎಂದು ಕೇಳಿ ಕೇಳಿ ನನ್ನ ಕಿವಿ ಕಿವುಡಾಗಿತ್ತು. ಅಷ್ಟು ಸಾಲದು ಎಂಬಂತೆ ಶಾಲೆಯ ನಾಟಕವೂ ಬಂತು.

ಮಗಳು ಇಲ್ಲಿನ ಒಂದು ಇಂಡಿಯನ್ ಸ್ಕೂಲಿನಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಳು. ಆ ವರ್ಷದ ಆನ್ಯುವಲ್ ಡೇಗೆ ಅವಳ ಇಂಗ್ಲಿಷ್ ಟೀಚರೇ ಬರೆದ ನಾಟಕ. ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡು; ಬಡ ಪಾದ್ರಿಯ ಮಗಳೊಬ್ಬಳು ಸಿರಿವಂತರ ಬಂಗಲೆಯ ನೃತ್ಯಕೂಟಕ್ಕೆ ಹೋಗುತ್ತಾಳೆ, ಅಲ್ಲಿ ಯಾರೋ ಅವಳ ಬಟ್ಟೆ ನೋಡಿ ನಗುತ್ತಾರೆ, ಮರುದಿನ ಬೆಳಗ್ಗೆ ಅವಳು ಏನೂ ಆಗದವಳ ಹಾಗೆ ಕಿಟಕಿಯ ಬಳಿ ಹೊಲಿಗೆ ಹಿಡಿದು ಕೂರುತ್ತಾಳೆ. ಪಾದ್ರಿಯ ಮಗಳು ನನ್ನ ಮಗಳೇ. ಅವಳಿಗೆ ಎರಡು ಉಡುಪು ಬೇಕು. ಮೊದಲ ಮತ್ತು ಕೊನೆಯ ದೃಶ್ಯಕ್ಕೆ ಹಗಲಿನದು, ನಡುವಿನ ಕೂಟಕ್ಕೆ ಸಂಜೆಯದು.

ಮಗಳು ಇಂಥ ವಿಷಯದಲ್ಲಿ ಮಹಾ ಹಟಮಾರಿ. ಫೋನಿನಲ್ಲಿ ಹಳೆಯ ಚಿತ್ರಗಳನ್ನೆಲ್ಲ ಹುಡುಕಿ ತೆಗೆದು ನನ್ನನ್ನು ಅಡಿಗೆಮನೆಯಲ್ಲೇ ಪಾಠಕ್ಕೆ ಕೂರಿಸಿದಳು. ಆಗಿನವರ ಸೊಂಟ ಸೊಂಟದಲ್ಲಿ ಇರುತ್ತಿರಲಿಲ್ಲವಂತೆ, ಎದೆಯ ಕೆಳಗೇ ಇರುತ್ತಿತ್ತಂತೆ. ಅಲ್ಲೊಂದು ರಿಬ್ಬನ್ ಕಟ್ಟಿದರೆ ಕೆಳಗೆ ಬಟ್ಟೆ ನೇರ ಪಾದದವರೆಗೆ ಇಳಿಯಬೇಕು. ಹಗಲಿನಲ್ಲಿ ಕತ್ತು ಮುಚ್ಚಿರಬೇಕು, ತೋಳು ಮಣಿಕಟ್ಟಿನವರೆಗೆ, ಹೊರಗೆ ಹೋದರೆ ತಲೆಗೆ ಬಾನೆಟ್ ಎಂಬ ಟೋಪಿ. ಸಂಜೆಯಾದ ಕೂಡಲೇ ಎಲ್ಲ ತಲೆಕೆಳಗು. ಕತ್ತು ತೆರೆದು, ತೋಳು ಗಿಡ್ಡವಾಗಿ, ಮೊಣಕೈ ದಾಟುವ ಬಿಳಿ ಕೈಗವಸು, ಕಾಣುವುದೋ ಕಾಣದೋ ಎನ್ನುವಷ್ಟು ತೆಳ್ಳಗಿನ ಮಸ್ಲಿನ್. ಆ ಮಸ್ಲಿನ್ ಮೊದಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ ಎಂದೂ ಅವಳೇ ಹೇಳಿದಳು. ನಾನು ಬಂಗುಡೆ ತೊಳೆಯುತ್ತಿದ್ದೆ. ಚಿತ್ರವನ್ನು ಒಮ್ಮೆ ನೋಡಿದವಳಿಗೆ ಬಾಯಿ ತಡೆಯಲಾಗಲಿಲ್ಲ.

"ಇದು ನೈಟಿ ಅಲ್ವಾ ಮಾರಾಯ್ತಿ?"

"ಅಮ್ಮಾ!" ಅವಳ ಮುಖ ಸಿಟ್ಟಿನಿಂದ ಕೆಂಪಾಯಿತು. "ನಿನಗೆ ಎಲ್ಲ ನೈಟಿಯ ಹಾಗೇ ಕಾಣ್ತದೆ. ಪ್ಲೀಸ್, ಶಾಲೆಯಲ್ಲಿ ಯಾರ ಹತ್ರವೂ ಹಾಗೆ ಹೇಳ್ಬೇಡ."

ಈ ಸಿಟ್ಟಿಗೆ ಹಿನ್ನೆಲೆ ಇತ್ತು. ನಾನು ಮದುವೆಯಾಗಿ ಕುಂದಾಪುರದಿಂದ ಇಲ್ಲಿಗೆ ಬಂದಾಗ ಹೊಸಿಲು ದಾಟಬೇಕಾದರೆ ಅಬಾಯಾ ಕಡ್ಡಾಯ. ಕತ್ತಿನಿಂದ ಪಾದದವರೆಗೆ ಕಪ್ಪು. ಒಳಗೇನಿದೆ ಎಂದು ಕೇಳುವವರಿಲ್ಲ. ಬಾಗಿಲ ಹಿಂದಿನ ಮೊಳೆಯಲ್ಲಿ ಅದು ನೇತಾಡುತ್ತಿತ್ತು. ಹಾಲು ಮುಗಿಯಿತೇ, ನೈಟಿಯ ಮೇಲೆ ಅದನ್ನು ಏರಿಸು, ಬಕಾಲಾ ಅಂಗಡಿಗೆ ಹೋಗಿ ಬಾ. ಡಾಕ್ಟರು, ಬ್ಯಾಂಕು, ಶಾಲೆ, ಎಲ್ಲದಕ್ಕೂ ಅದೇ. ಇಲ್ಲಿನ ನಮ್ಮ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಮಾಡಿದ್ದು ಇದನ್ನೇ. ಹೌದೆಂದು ಒಪ್ಪಿಕೊಳ್ಳುವವರು ಮಾತ್ರ ಯಾರೂ ಇಲ್ಲ. ವರ್ಷಗಟ್ಟಲೆ ಹಾಗೆ ನಡೆದು, ಆಮೇಲೆ ಕಾನೂನು ಸಡಿಲವಾಯಿತು, ವಿದೇಶಿ ಹೆಂಗಸರು ಅಬಾಯಾ ಹಾಕದೆಯೂ ಓಡಾಡಬಹುದು ಎಂದಾಯಿತು. ಬೇರೆಯವರು ಮಾಲ್‌ಗೆ ಓಡಿ ಕುರ್ತಾ, ಪ್ಯಾಂಟು ಕೊಂಡರು. ನಾನು ಕಪಾಟು ತೆರೆದು ನೋಡಿದರೆ ಒಂದು ಕಡೆ ನೈಟಿಗಳ ರಾಶಿ, ಇನ್ನೊಂದು ಕಡೆ ಮದುವೆ ಮುಂಜಿಯ ರೇಷ್ಮೆ ಸೀರೆಗಳು. ನಡುವೆ ಏನೇನೂ ಇಲ್ಲ. ಹಗಲಿನಲ್ಲಿ ನಾಲ್ಕು ಜನರ ಎದುರು ಉಡುವ ಬಟ್ಟೆ ಎಂಬುದೇ ನನ್ನ ಬಳಿ ಇರಲಿಲ್ಲ. ಹಾಗಾಗಿ ಅಬಾಯಾವನ್ನೇ ಮುಂದುವರಿಸಿದೆ, ಒಳಗಿನ ನೈಟಿಯ ಸಮೇತ.

ನಾಟಕದ ಸುದ್ದಿ ಬರುವುದಕ್ಕೆ ಸ್ವಲ್ಪ ಮೊದಲು ಶಾಲೆಯಲ್ಲಿ ಪೇರೆಂಟ್ಸ್ ಮೀಟಿಂಗ್ ಇತ್ತು. ನಾನು ಕುರ್ಚಿಯಲ್ಲಿ ಕೂರುವಾಗ ಅಬಾಯಾದ ಕೊನೆಯ ಟಿಚ್ ಬಟನ್ ಕಿತ್ತುಬಂದು ಹಳದಿ ಹೂವಿನ ನೈಟಿಯ ಫ್ರಿಲ್ ಹೊರಗೆ ಇಣುಕಿತು. ಮಗಳ ಗೆಳತಿಯೊಬ್ಬಳು ಅದನ್ನು ನೋಡಿ, "ಆಂಟಿ ಹಾಸಿಗೆಯಿಂದ ನೇರ ಬಂದಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಮನೆಗೆ ಬಂದ ಮೇಲೆ ಮಗಳು ನಿಧಾನವಾಗಿ, ಬಹಳ ಯೋಚಿಸಿಕೊಂಡವಳ ಹಾಗೆ ಹೇಳಿದಳು.

"ಆನ್ಯುವಲ್ ಡೇ ದಿನ ನೀನು ಸರಿಯಾಗಿ ಬರ್ಬೇಕು. ಅಬಾಯಾ ತೆಗೆದು, ಸೀರೆ ಉಟ್ಟು. ಇಲ್ಲದಿದ್ರೆ ಬರ್ಲೇಬೇಡ ಅಮ್ಮ."

ಬರಲೇಬೇಡ ಎಂದಳು. ಹೆತ್ತವಳಿಗೆ. ನನಗೆ ಮೈ ಉರಿಯಿತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಆಯಿತು ಎಂದೆ. ಮಗಳು ನನ್ನನ್ನು ನೋಡಿ ನಾಚಿಕೊಳ್ಳಬಾರದು, ಒಂದು ದಿನದ ಮಟ್ಟಿಗಾದರೂ. ಅಷ್ಟಾದರೆ ಸಾಕು ಎಂದು ಮನಸ್ಸಿನಲ್ಲೇ ಹಟ ಹಿಡಿದೆ. ಮಾವಿನ ಹಣ್ಣಿನ ಬಣ್ಣದ, ಹಸಿರು ಅಂಚಿನ ರೇಷ್ಮೆ ಸೀರೆ ತೆಗೆದು ಬಿಸಿಲಿಗೆ ಹಾಕಿದೆ. ಬ್ಲೌಸಿನ ಹೊಲಿಗೆ ಬಿಚ್ಚಿ ಮೈಗೆ ಸರಿಮಾಡಿಕೊಂಡೆ. ಕನ್ನಡಿಯ ಮುಂದೆ ಉಟ್ಟು ನೋಡಿ ಮಡಚಿಟ್ಟೆ.

ಇತ್ತ ನಾಟಕಕ್ಕೆ ತಾಯಂದಿರದೊಂದು ಕಾಸ್ಟ್ಯೂಮ್ ಕಮಿಟಿ ಹುಟ್ಟಿಕೊಂಡಿತ್ತು. ಅದರ ಮುಖ್ಯಸ್ಥೆ ಮಂಗಳೂರಿನ ಕಡೆಯವರು, ದೊಡ್ಡ ದನಿ, ಅದಕ್ಕಿಂತ ದೊಡ್ಡ ಕೈಚೀಲ. ಮೊದಲ ಸಭೆಯಲ್ಲೇ ಅವರು ಎದ್ದು ನಿಂತು, "ಇಂಗ್ಲಿಷ್ ಗೌನ್ ಅಂದ್ರೆ ಕೊಡೆಯ ಹಾಗೆ ಅಗಲ ಇರ್ಬೇಕು. ಒಳಗೆ ರಿಂಗ್ ಹಾಕ್ಬೇಕು. ಸ್ಯಾಟಿನ್, ಮೇಲೆ ಸೀಕ್ವೆನ್ಸ್," ಎಂದು ತೀರ್ಪು ಕೊಟ್ಟರು.

"ಅದು ಬೇರೆ ಕಾಲದ್ದಂತೆ. ಈ ನಾಟಕದ ಕಾಲದಲ್ಲಿ ನೇರ ಇಳಿಯುವ ಬಟ್ಟೆಯಂತೆ," ಎಂದೆ ನಾನು.

"ಎಂತ ಮಾರಾಯ್ರೆ, ಸ್ಟೇಜಿನ ಮೇಲೆ ಗ್ರ್ಯಾಂಡ್ ಕಾಣ್ಬೇಡ್ವಾ? ನೇರ ಇಳಿದ್ರೆ ನೈಟಿ ಹಾಗೆ ಕಾಣ್ತದೆ."

ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ; ಅಬಾಯಾದ ಅಂಚನ್ನು ಮೊಣಕಾಲ ಬಳಿ ಬಿಗಿಯಾಗಿ ಹಿಡಿದು ಕೂತೆ. ಕೊನೆಗೆ, ನಾಟಕದಲ್ಲಿ ಉಳಿದ ಹುಡುಗಿಯರೆಲ್ಲ ಸಿರಿವಂತರ ಮನೆಯವರು, ಅವರಿಗೆ ಆನ್‌ಲೈನಿನಲ್ಲಿ ತರಿಸಿದ ಕೊಡೆ ಗೌನು. ನನ್ನ ಮಗಳು ಬಡವರ ಹುಡುಗಿ, ಅವಳಿಗೆ ತಾಯಿಯೇ ಏನಾದರೂ ಹೊಲಿದುಕೊಡಲಿ ಎಂದು ರಾಜಿಯಾಯಿತು. ಇತಿಹಾಸವನ್ನು ಬಡವರ ತಲೆಗೆ ಕಟ್ಟಿ ಕೈತೊಳೆದುಕೊಂಡರು.

ಮಸ್ಲಿನ್‌ಗಾಗಿ ಬತ್ಹಾ ಮಾರ್ಕೆಟ್ಟಿನಲ್ಲಿ ಅಲೆದದ್ದೇ ಅಲೆದದ್ದು. ಇರುವುದೆಲ್ಲ ಪಾಲಿಯೆಸ್ಟರ್. ದಾರಿ ತೋರಿಸಿದ್ದು ನಮ್ಮ ಕೆಳಗಿನ ಮನೆಯ ಬಂಟ್ವಾಳದ ಬ್ಯಾರಿ ಹೆಂಗಸು. ಈ ಊರಿನಲ್ಲಿ ನನಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಅವಳ ಗಂಡನಿಗೆ ಗುತ್ರಾ ಮಾರುವ ಅಂಗಡಿ. ಗುತ್ರಾ ಎಂದರೆ ಇಲ್ಲಿನ ಗಂಡಸರು ತಲೆಗೆ ಹೊದೆಯುವ ಬಿಳಿ ಚೌಕ. "ಅಕ್ಕ, ಗುತ್ರಾದ ಬಟ್ಟೆ ಮುಟ್ಟಿ ನೋಡಿದ್ದೀರಾ? ಶುದ್ಧ ಹತ್ತಿ, ಗಾಳಿ ಹಾಗೆ ಇದೆ," ಎಂದು ತಂದುಕೊಟ್ಟಳು. ನಿಜ, ಗಾಳಿಯ ಹಾಗೇ ಇತ್ತು. ಅದರಲ್ಲೇ ಎರಡನ್ನೂ ಹೊಲಿದೆ. ಹಗಲಿನದಕ್ಕೆ ಕತ್ತಿನವರೆಗೆ ಕಾಲರು, ಉದ್ದ ತೋಳು, ಸಣ್ಣ ಸಣ್ಣ ನೆರಿಗೆ. ಸಂಜೆಯದಕ್ಕೆ ಉಬ್ಬಿದ ಗಿಡ್ಡ ತೋಳು, ಕತ್ತಿನ ಸುತ್ತ ಲೇಸು. ನನ್ನ ಗಂಡ ಆಫೀಸಿನ ಕೆಲಸಕ್ಕೆ ಅಲ್ ಅಹ್ಸಾ ಎಂಬ ಊರಿಗೆ ಹೋಗಿದ್ದವರು ಖರ್ಜೂರದ ಗರಿಯ ಬುಟ್ಟಿಯೊಂದನ್ನು ತಂದಿದ್ದರು. ಕತ್ತರಿಸಿ ಬಾನೆಟ್ ಮಾಡಿದೆ. "ನನ್ನ ಬುಟ್ಟಿ!" ಎಂದರು. ಬುಟ್ಟಿಯಲ್ಲಿ ಏನಿಡುತ್ತಿದ್ದಿರಿ ಎಂದು ಕೇಳಿದೆ.

ಹೊಲಿಯುವಾಗ ಒಂದು ವಿಷಯ ಮನಸ್ಸಿಗೆ ಬಂದದ್ದುಂಟು. ಹಗಲಿಗೆ ಮುಚ್ಚಿಕೊಂಡು ಸಂಜೆಗೆ ತೆರೆದುಕೊಳ್ಳುವ ಆ ಬಿಳಿಯ ಹೆಂಗಸರು ನನಗೆ ಅಷ್ಟೇನೂ ಅಪರಿಚಿತರಲ್ಲ. ಇಲ್ಲಿನ ಮದುವೆಗಳಿಗೆ ನಾನೂ ಹೋಗಿದ್ದೇನೆ. ಹೆಂಗಸರದೇ ಹಾಲ್, ಬಾಗಿಲಲ್ಲಿ ಫೋನು ತೆಗೆದಿಟ್ಟುಕೊಳ್ಳುತ್ತಾರೆ, ಒಳಗೆ ಕಾಲಿಟ್ಟೊಡನೆ ಕಪ್ಪು ಅಬಾಯಾಗಳೆಲ್ಲ ಕಳಚಿ, ಬರಿಯ ಬೆನ್ನು, ಬರಿಯ ತೋಳು, ನೆಲ ಗುಡಿಸುವ ಗೌನುಗಳು. ಅಲ್ಲಿ ನೋಡುವವರು ಹೆಂಗಸರು ಮಾತ್ರ, ಇಂಗ್ಲೆಂಡಿನಲ್ಲಿ ಗಂಡಸರೂ ಇದ್ದರು, ವ್ಯತ್ಯಾಸ ಅಷ್ಟೇ. ಎಲ್ಲಿ ಎಷ್ಟು ಮುಚ್ಚಬೇಕು, ಎಲ್ಲಿ ಎಷ್ಟು ತೆರೆಯಬೇಕು ಎಂಬ ಲೆಕ್ಕ ಎರಡೂ ಕಡೆ ಹೆಂಗಸಿನ ತಲೆಗೇ. ಹೀಗೆಂದು ಮಗಳಿಗೆ ಹೇಳಿದರೆ, "ಹೂಂ," ಎಂದಳು, ಫೋನಿನಿಂದ ಕಣ್ಣೆತ್ತದೆ.

ಆನ್ಯುವಲ್ ಡೇ ಬಂತು. ಕಾರ್ಯಕ್ರಮ ಸಂಜೆಗೆ, ಆದರೆ ಕಮಿಟಿಯವರು ಮಧ್ಯಾಹ್ನವೇ ಹಾಜರಿರಬೇಕು. ಪಿನ್ನು, ಇಸ್ತ್ರಿ, ಹುಡುಗಿಯರ ಬೆವರು. ಇದರ ನಡುವೆ ರೇಷ್ಮೆ ಉಟ್ಟು ಯಾರು ಸಾಯುತ್ತಾರೆ? ಸೀರೆ, ಬ್ಲೌಸನ್ನು ಚೀಲದಲ್ಲಿಟ್ಟೆ. ಪೆಟಿಕೋಟಿನ ಮೇಲೆ ಉದ್ದ ತೋಳಿನ ಹಳೆಯ ನೈಟಿ, ಅದರ ಮೇಲೆ ಅಬಾಯಾ. ಕೆಲಸ ಮುಗಿದ ಮೇಲೆ ನೈಟಿ ತೆಗೆದು ಅದೇ ಪೆಟಿಕೋಟಿಗೆ ಸೀರೆ ಸಿಕ್ಕಿಸಿದರಾಯಿತು. ಪಕ್ಕಾ ಲೆಕ್ಕ. ಮಗಳಿಗೆ ಚೀಲ ತೆರೆದು ಸೀರೆ ತೋರಿಸಿದಾಗ ಅವಳ ಮುಖ ಅರಳಿತು.

ಕಮಿಟಿ ಮುಖ್ಯಸ್ಥೆ ಹಿಂದಿನ ದಿನವೇ ಎಲ್ಲರ ಬಟ್ಟೆ ಸಂಗ್ರಹಿಸಿ ಇಸ್ತ್ರಿಗೆಂದು ಶಾಲೆಯ ಹತ್ತಿರದ ಲಾಂಡ್ರಿಗೆ ಕೊಟ್ಟಿದ್ದರು. ಸಂಜೆಯ ಉಡುಪಿಗೆ ಲೇಸು ಬಾಕಿ ಇದ್ದುದರಿಂದ ಅದು ನನ್ನ ಬಳಿಯೇ ಉಳಿದಿತ್ತು. ಹಗಲಿನದು ಮಾತ್ರ ಹೋಗಿತ್ತು. ಲಾಂಡ್ರಿಯ ಕಟ್ಟುಗಳು ಬಂದದ್ದು ನಾಟಕಕ್ಕೆ ಇನ್ನೇನು ಕರೆಯುತ್ತಾರೆ ಎನ್ನುವಾಗ. ಬಿಚ್ಚಿದೆ. ಸ್ಯಾಟಿನ್‌ಗಳೆಲ್ಲ ಸರಿ ಇದ್ದವು. ನನ್ನ ಹಗಲಿನ ಉಡುಪನ್ನು ಎತ್ತಿ ಹಿಡಿದೆ, ಅದು ಬಾಗಲಿಲ್ಲ.

ಲಾಂಡ್ರಿಯವನಿಗೆ ಬಟ್ಟೆ ಮುಟ್ಟಿದೊಡನೆ ಗೊತ್ತಾಗಿಬಿಟ್ಟಿದೆ, ಇದು ಗುತ್ರಾ. ಈ ಊರಿನಲ್ಲಿ ಗುತ್ರಾವನ್ನು ಲಾಂಡ್ರಿಗೆ ಕೊಡುವುದೇ ಹಣೆಯ ಮೇಲೆ ಮಡಿಕೆ ಖಡಕ್ಕಾಗಿ ನಿಲ್ಲಲಿ ಎಂದು. ದಿನವಿಡೀ ಅವನು ಮಾಡುವುದೇ ಅದನ್ನು. ಗಂಜಿ ಹಾಕಿದ್ದಾನೆ. ಧಾರಾಳವಾಗಿ, ಪ್ರೀತಿಯಿಂದ, ಎರಡೆರಡು ಬಾರಿ ಹಾಕಿರಬೇಕು. ಉಡುಪು ಹಪ್ಪಳದ ಹಾಗಾಗಿತ್ತು. ನೆಲದ ಮೇಲೆ ಇಟ್ಟರೆ ತಾನೇ ನಿಂತಿತು. ಮಗಳು ತೊಟ್ಟು ನೋಡಿದಳು. ತೋಳುಗಳು ಎರಡು ಪಕ್ಕಕ್ಕೆ ಚಾಚಿಕೊಂಡವು, ಕೈ ಕೆಳಗಿಳಿಸಲಾಗಲಿಲ್ಲ. ಕಿಟಕಿಯ ಬಳಿ ಕೂತು ಹೊಲಿಯಬೇಕಾದವಳು ಕೂರಲು ಹೋದರೆ ಮುಂಭಾಗ ಗಲ್ಲಕ್ಕೆ ಬಡಿಯಿತು. ನಾನು ಎಳೆದೆ, ಉಜ್ಜಿದೆ, ನೀರು ಚಿಮುಕಿಸಿದೆ. ನೀರು ಬಿದ್ದಲ್ಲಿ ಅಂಟಂಟಾಯಿತು, ಉಳಿದದ್ದು ಹಾಗೇ ನಿಂತಿತು.

"ಅಯ್ಯೋ, ನಾನು ಬರೀ ಇಸ್ತ್ರಿ ಅಂತ ಹೇಳಿದ್ದು ಮಾರಾಯ್ರೆ," ಎಂದರು ಮುಖ್ಯಸ್ಥೆ. "ಇರ್ಲಿ ಬಿಡಿ, ಹೇಗೂ ಅಗಲ ಬಂತಲ್ಲ, ಗ್ರ್ಯಾಂಡ್ ಆಯ್ತು."

ಅವರನ್ನು ಆ ಕ್ಷಣ ನಾನು ಏನೂ ಮಾಡಲಿಲ್ಲ. ಅದೊಂದು ಪುಣ್ಯ ನನ್ನ ಖಾತೆಯಲ್ಲಿ ಬರೆದಿರಲಿ.

ಮಗಳು ಬಾನೆಟ್ ಹಾಕಿಕೊಂಡು, ಸಂಜೆಯ ಉಡುಪನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಕಣ್ಣು ತುಂಬಿತ್ತು. ಬೆಳಗ್ಗೆಯ ದೃಶ್ಯಕ್ಕೆ ಗಿಡ್ಡ ತೋಳಿನಲ್ಲಿ ಹೋಗು ಎಂದರೆ ಅಡ್ಡಡ್ಡ ತಲೆಯಾಡಿಸಿದಳು. "ಮೊದಲೇ ಅದನ್ನು ಹಾಕಿದ್ರೆ ಬಾಲ್ ಡ್ಯಾನ್ಸಿಗೆ ಹೋಗುವಾಗ ಎಂತ ಬದಲಾಗ್ತದೆ ಅಮ್ಮ? ನಾಟಕವೇ ಇಲ್ಲ." ಆಮೇಲೆ ಅವಳ ದೃಷ್ಟಿ ನನ್ನ ಪಾದದ ಕಡೆಗೆ ಇಳಿದು ಅಲ್ಲೇ ನಿಂತಿತು. ಕಿತ್ತ ಟಿಚ್ ಬಟನ್ ಹೊಲಿಯಲು ನನಗೆ ಇನ್ನೂ ಪುರಸೊತ್ತಾಗಿರಲಿಲ್ಲ. ಊರವರ ಬಟ್ಟೆಗೆಲ್ಲ ಬಟನ್ ಹಾಕುವವಳು ನಾನು.

"ಅಮ್ಮ," ಎಂದಳು, ಯಾರಿಗೂ ಕೇಳಿಸದ ಹಾಗೆ. "ಒಳಗೆ ಹಾಕಿದ್ದು ಉದ್ದ ತೋಳಿಂದಾ?"

"ಹೌದು."

"ಕತ್ತು ಮುಚ್ಚಿದ್ದಾ?"

"ಹೌದು."

"ಕೊಡು."

ಆ ನೈಟಿಯಲ್ಲಿ ಎದೆಯ ಮೇಲೆ ಪಟ್ಟಿ, ಅದರ ಕೆಳಗೆ ನೆರಿಗೆ, ಪಾದದವರೆಗೆ ನೇರ. ತಿಳಿ ಹಳದಿ ಹತ್ತಿ, ಸಣ್ಣ ಹೂವು. ಚಿತ್ರದಲ್ಲಿ ಇದ್ದದ್ದೂ ಅದೇ ಎಂದು ನಾನು ಮೊದಲೇ ಹೇಳಿದ್ದೆ. ಈ ಮನೆಯಲ್ಲಿ ನನ್ನ ಮಾತು ಕೇಳುವವರು ಯಾರು?

ಕೆಳಗಿನ ಮನೆಯವಳ ಮಗಳೂ ಅದೇ ಶಾಲೆ, ಹಾಗಾಗಿ ಅವಳೂ ಅಲ್ಲಿದ್ದಳು. ಅವಳು ಟಾಯ್ಲೆಟ್ಟಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ನಾನು ಸೀರೆಯ ಚೀಲ ಹಿಡಿದು ಒಳಗೆ ಹೋಗಿ ನೈಟಿ ಕಳಚಿ ಕೊಟ್ಟೆ. ಒಂದು ನಿಮಿಷದಲ್ಲಿ ಅವಳು ಬಾಗಿಲು ಬಡಿದಳು.

"ಅಕ್ಕ, ಲೈಟಿಗೆ ಕಾಲು ಕಾಣ್ತದೆ. ನೈಟಿ ತೊಳೆದು ತೊಳೆದು ತೆಳ್ಳಗಾಗಿದೆ. ಗುತ್ರಾದ್ದೂ ಹಾಗೇ. ಪೆಟಿಕೋಟೂ ಬೇಕು."

"ಅದು ಕೊಟ್ರೆ ನಾನು ಸೀರೆ ಎಲ್ಲಿಗೆ ಸಿಕ್ಕಿಸುವುದು?"

ಬಾಗಿಲ ಕೆಳಗಿನ ಸಂದಿಯಲ್ಲಿ ನನ್ನ ನೈಟಿಯ ಹೂವಿನ ಅಂಚು ಕಂಡಿತು. ನನಗೆ ಅರ್ಥವಾಯಿತು, ಮಗಳೂ ಬಾಗಿಲ ಆಚೆಯೇ ನಿಂತಿದ್ದಾಳೆ, ಅವಳಿಗೂ ಅರ್ಥವಾಗಿದೆ. ಬೇಕು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಸಭಾಂಗಣದಿಂದ ಅವರ ನಾಟಕದ ಹೆಸರು ಕೂಗುವುದು ಕೇಳಿಸಿತು. ನಾನು ಲಾಡಿ ಬಿಚ್ಚಿ ಪೆಟಿಕೋಟನ್ನು ಬಾಗಿಲ ಸಂದಿಯಿಂದ ಹೊರಗೆ ತುರುಕಿದೆ.

ಉಳಿದದ್ದು ನಾನು, ಬ್ಲೌಸು, ಮತ್ತು ಆರು ಗಜ ರೇಷ್ಮೆ. ಸೀರೆಯನ್ನು ಸ್ನಾನಕ್ಕೆ ಹೋಗುವವರು ಬೈರಾಸು ಸುತ್ತಿಕೊಳ್ಳುವ ಹಾಗೆ ಸೊಂಟಕ್ಕೆ ಸುತ್ತಿ ಸುತ್ತಿ, ಕೊನೆಯನ್ನು ಗಂಟು ಹಾಕಿ, ಮೇಲೆ ಅಬಾಯಾ ಏರಿಸಿ ಕತ್ತಿನವರೆಗೆ ಬಟನ್ ಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಕಪ್ಪು ಬಟ್ಟೆ ಹೊದಿಸಿದ ಗ್ಯಾಸ್ ಸಿಲಿಂಡರು. ಅಷ್ಟು ದಿನ ಬಿಸಿಲಿಗೆ ಹಾಕಿ, ಹೊಲಿಗೆ ಬಿಚ್ಚಿ, ಕನ್ನಡಿ ನೋಡಿ ಮಾಡಿದ ತಯಾರಿಯೆಲ್ಲ ಸೊಂಟದ ಸುತ್ತ ಮೂಟೆಯಾಗಿ ಕೂತಿತ್ತು. ಗುತ್ರಾದ ಮೇಲೆ, ಗಂಜಿಯ ಮೇಲೆ, ಇಂಗ್ಲೆಂಡಿನ ಮೇಲೆ, ಕಡೆಗೆ ಮೆಶಿನ್ ಕಂಡುಹಿಡಿದವನ ಮೇಲೂ ಸಿಟ್ಟು ಬಂತು.

ಸಭಾಂಗಣದಲ್ಲಿ ನನ್ನ ಗಂಡನ ಪಕ್ಕದಲ್ಲಿ ನಿಧಾನವಾಗಿ ಕೂತೆ. ಸುತ್ತಲೂ ಸೀರೆಗಳು, ಲೆಹಂಗಾಗಳು, ಮಲ್ಲಿಗೆಯ ವಾಸನೆಯ ಸೆಂಟು. "ಸೀರೆ ಎಲ್ಲಿ?" ಎಂದರು. "ಉಟ್ಟಿದ್ದೇನೆ," ಎಂದೆ.

ಪರದೆ ಎದ್ದಿತು. ಕಿಟಕಿಯ ಬಳಿ, ಎದೆಯ ಕೆಳಗೆ ಕಂದು ರಿಬ್ಬನ್ ಕಟ್ಟಿದ ನನ್ನ ನೈಟಿ ಕೂತು ಹೊಲಿಯುತ್ತಿತ್ತು. ಸುಳ್ಳೇಕೆ ಹೇಳಲಿ, ಚೆಂದ ಇತ್ತು. ಹಳದಿ ದೀಪದಲ್ಲಿ ಆ ಹೂವುಗಳು ನಾನು ಅಡಿಗೆಮನೆಯಲ್ಲಿ ಯಾವತ್ತೂ ನೋಡದ ಹಾಗೆ ಕಂಡವು. ನೃತ್ಯಕೂಟದಲ್ಲಿ ಕೊಡೆ ಗೌನಿನವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು, ಒಬ್ಬಳ ರಿಂಗು ಕುರ್ಚಿಯನ್ನೂ ಎಳೆದುಕೊಂಡು ಹೋಯಿತು. ಗುತ್ರಾದ ಬಿಳಿ ಉಡುಪು ಅವರ ನಡುವೆ ಹಗುರಾಗಿ ತಿರುಗಿತು. ಮತ್ತೆ ಬೆಳಗಾಯಿತು, ಮತ್ತೆ ನೈಟಿ, ಕಿಟಕಿ, ಹೊಲಿಗೆ. ಚಪ್ಪಾಳೆ ಬಿತ್ತು.

ನಾಟಕ ಮುಗಿದ ಮೇಲೆ ಇಂಗ್ಲಿಷ್ ಟೀಚರು ಮೈಕು ಹಿಡಿದು ವೇದಿಕೆಗೆ ಬಂದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಪರಿಚಯಿಸಿ, ನನ್ನ ಮಗಳ ಬಳಿ ಬಂದಾಗ ಆ ತೋಳನ್ನು ಮುಟ್ಟಿ ನೋಡಿದರು. "ಈ ಬೆಳಗಿನ ಡ್ರೆಸ್ ಆ ಕಾಲದಿಂದಲೇ ಎದ್ದುಬಂದ ಹಾಗಿದೆ. ಎಲ್ಲಿಂದ ತಂದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಬಾಡಿಗೆಗೆ ತಂದದ್ದು ಎನ್ನು, ಆನ್‌ಲೈನ್ ಎನ್ನು, ಹೊಲಿದದ್ದು ಎಂದಾದರೂ ಎನ್ನು ಮಗಳೇ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ಮೊದಲ ಸಾಲಿನಲ್ಲಿ ಅವಳ ಆ ಗೆಳತಿಯೂ ಕೂತಿದ್ದಳು. ಮಗಳು ಒಮ್ಮೆ ಆ ಗೆಳತಿಯ ಕಡೆ ನೋಡಿದಳು. ಆಮೇಲೆ ಮೈಕನ್ನು ತನ್ನ ಕೈಗೆ ತೆಗೆದುಕೊಂಡಳು.

"ಇದು ನನ್ನ ಅಮ್ಮನ ನೈಟಿ," ಎಂದಳು. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಮತ್ತೆ ಎಲ್ಲರಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲೂ ಹೇಳಿದಳು. "ದಿನಾ ಮನೆಯಲ್ಲಿ ಹಾಕುವುದು. ಇವತ್ತು ಮೈಮೇಲಿಂದ ತೆಗೆದು ಕೊಟ್ಟರು. ಅಲ್ಲಿ ಕೂತಿದ್ದಾರೆ, ಕಪ್ಪು ಅಬಾಯಾದಲ್ಲಿ."

ಇಡೀ ಹಾಲ್ ನಕ್ಕಿತು. ನನ್ನ ಮಾನ ಹರಾಜಾಯಿತು. ಎಲ್ಲ ಕತ್ತುಗಳೂ ನನ್ನ ಕಡೆ ತಿರುಗಿದವು, ಕಮಿಟಿ ಮುಖ್ಯಸ್ಥೆಯದೂ. ಟೀಚರು ಚಪ್ಪಾಳೆ ತಟ್ಟುತ್ತ, "ದಯವಿಟ್ಟು ಎದ್ದು ನಿಲ್ಲಿ," ಎಂದರು. ನನ್ನ ಗಂಡ ಮೊಣಕೈಯಿಂದ ತಿವಿದರು. ಅಬಾಯಾದ ಮೇಲಿಂದಲೇ ಸೊಂಟದ ಗಂಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ನಾನು ಎದ್ದು ನಿಂತೆ.

ಅಷ್ಟು ದೂರದಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ನಾಚಿಕೆ ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ. ನೈಟಿಯ ಎರಡು ಬದಿಯನ್ನು ಬೆರಳ ತುದಿಯಲ್ಲಿ ಹಿಡಿದು, ಒಂದು ಕಾಲನ್ನು ಹಿಂದಕ್ಕೆ ಸರಿಸಿ, ಆ ಕಾಲದ ಹೆಂಗಸರು ದೊಡ್ಡವರ ಎದುರು ಮಾಡುತ್ತಿದ್ದರೆಂದು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ ಹಾಗೆ, ಮೊಣಕಾಲು ಬಗ್ಗಿಸಿ ನನಗೆ ನಮಸ್ಕರಿಸಿದಳು. ನಾನೂ ತಿರುಗಿ ಬಗ್ಗಬೇಕಿತ್ತು. ಬಗ್ಗಿದರೆ ಗಂಟು ಬಿಚ್ಚಿಹೋಗುತ್ತಿತ್ತು.